ಬೇಸ್ ಮಾದೇಶನ ಕೈ

ಹೆಡತಲೆ ಹಳ್ಳಿಯ ಮಾದೇಶನಿಗೆ ಮೂಗಿನ ತುದಿಯಲ್ಲೇ ಕೋಪ ಅಂತ ಊರವರು ಹೇಳುತ್ತಾರೆ. ಸುಳ್ಳು. ಅವನ ಕೋಪ ಇದ್ದದ್ದು ಬಲಗೈಯಲ್ಲಿ. ಅದೇ ಕೈಯಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ, ಅದೇ ಕೈಯಲ್ಲಿ ಕಂಡವರ ದವಡೆ ಮುರಿಯುತ್ತಿದ್ದ. ಹಗಲೆಲ್ಲ ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯಲ್ಲಿ ಮೂಟೆ ಹೊರುವುದು, ಮದುವೆ ಸೀಸನ್ ಬಂದರೆ ಕಲ್ಲಯ್ಯನ ಆರ್ಕೆಸ್ಟ್ರಾ ಪಾರ್ಟಿಯ ಜೊತೆ ಟೆಂಪೋ ಹತ್ತುವುದು. ಎದುರಿಗೆ ಬೇಸ್ ಮಾದೇಶ ಅನ್ನುತ್ತಿದ್ದ ಜನ ಬೆನ್ನ ಹಿಂದೆ ಗೂಳಿ ಮಾದೇಶ ಅನ್ನುತ್ತಿದ್ದರು.

ಹುಟ್ಟುತ್ತಲೇ ಯಾರೂ ಗೂಳಿಯಾಗುವುದಿಲ್ಲ ಬಿಡಿ. ಅವನಪ್ಪ ಚನ್ನಯ್ಯ ತಮಟೆ ಬಡಿಯುತ್ತಿದ್ದ. ಒಮ್ಮೆ ಯಾರದೋ ಮೆರವಣಿಗೆಯಲ್ಲಿ ನೀರು ಕುಡಿಯಲು ತಮಟೆ ನಿಲ್ಲಿಸಿದ ಅಂತ ಜಮೀನಿನ ಯಜಮಾನನೊಬ್ಬ ಎತ್ತಿನ ಹಗ್ಗ ಒದ್ದೆ ಮಾಡಿ ಅವನ ಬೆನ್ನಿನ ಚರ್ಮ ಸುಲಿದ. ಚನ್ನಯ್ಯ ಕೈಮುಗಿದುಕೊಂಡೇ ಏಟು ತಿಂದ. ಮನೆಗೆ ಬಂದವನು ಹೆಂಡತಿ ಮುದ್ದಮ್ಮನ ಜುಟ್ಟು ಹಿಡಿದು ಗೋಡೆಗೆ ಗುದ್ದಿದ, ಅಡ್ಡ ಬಂದ ಮಾದೇಶನನ್ನು ಒದ್ದ. ಆ ಮನೆಯಲ್ಲಿ ಏಟು ಯಾವಾಗಲೂ ಮೇಲಿನಿಂದ ಕೆಳಕ್ಕೇ ಇಳಿಯುತ್ತಿತ್ತು. ಹುಡುಗ ಅದನ್ನು ನೋಡಿಕೊಂಡೇ ಬೆಳೆದ.

ಇನ್ನು ಅವನ ಡಬ್ಬದ ವಿಷಯ. ಮೈಸೂರಿನ ಹೋಟೆಲೊಂದರಲ್ಲಿ ಬೇಸ್ ನುಡಿಸುತ್ತಿದ್ದ ಮುದುಕನೊಬ್ಬ ಬೆರಳು ಸೊಟ್ಟಗಾಗಿ ಕೆಲಸ ಬಿಟ್ಟಾಗ ಅದನ್ನು ಮಾದೇಶನಿಗೆ ದಾಟಿಸಿದ್ದ. ಗಿಟಾರಿನ ಸದ್ದಿಗೆ ಬಲ ಕೊಡುವ ಪ್ರೀಆಂಪು, ಅದನ್ನು ನೇರ ದಾಟಿಸುವ ಡೈರೆಕ್ಟ್ ಬಾಕ್ಸು ಎರಡೂ ಒಂದರಲ್ಲೇ ಇದ್ದ ಕಬ್ಬಿಣದ ಕರಿ ಡಬ್ಬ. ಮೇಲೆ ತಿರುಪುವ ಗುಂಡಿಗಳು, ಕಾಲಲ್ಲಿ ತುಳಿಯುವ ಸ್ವಿಚ್ಚು. ಒಂದು ಕಡೆ ಗಿಟಾರಿನ ವೈರು ಚುಚ್ಚಿದರೆ ಇನ್ನೊಂದು ಕಡೆಯಿಂದ ವೈರು ಹೊರಟು ನೇರ ಎಲ್ಲರ ಸದ್ದನ್ನೂ ಏರಿಸಿ ಇಳಿಸುವ ಮಿಕ್ಸರಿಗೆ. ಅಲ್ಲಿಯವರೆಗೆ ಪಾರ್ಟಿಯಲ್ಲಿ ಒಂದು ಹಳೇ ಆಂಪ್ಲಿಫೈಯರ್ ಮುಂದೆ ಮೈಕ್ ನಿಲ್ಲಿಸುತ್ತಿದ್ದರು. ಆ ಮೈಕು ಡ್ರಮ್ಮಿನ ಸದ್ದು, ಜನರ ಗದ್ದಲ ಎಲ್ಲ ಬಾಚಿಕೊಂಡು, ಗಿಟಾರು ನೆಗಡಿಯಾದ ಎಮ್ಮೆಯ ಹಾಗೆ ಕೇಳುತ್ತಿತ್ತು. ಡಬ್ಬ ಬಂದ ಮೇಲೆ ಒಂದೊಂದು ಸ್ವರವೂ ಬಿಡಿಬಿಡಿಯಾಗಿ, ದುಂಡಗೆ ಬಂತು. ಸ್ವಿಚ್ಚು ತುಳಿದರೆ ಅದಕ್ಕೊಂದು ಗೊರಗೊರ ಸೇರಿ, ಶಾಮಿಯಾನದ ಕಂಬವೂ ಕೂತವರ ಎದೆಗೂಡೂ ಒಟ್ಟಿಗೇ ಅದುರುತ್ತಿದ್ದವು. ಮಾದೇಶನಿಗೆ ಮೊದಲ ಸಲ ಜನ ತನ್ನನ್ನು ಕೇಳಿಸಿಕೊಂಡರು ಅನ್ನಿಸಿತು. ಆ ಸಂತೋಷ ಎಂಥದು ಅಂತ ನಗುವವರಿಗೆ ಏನು ಗೊತ್ತು!

ಆದರೆ ಯಾರಾದರೂ ಆ ಡಬ್ಬ ಮುಟ್ಟಿದರೋ, ಅದರ ಸದ್ದು ಇಳಿಸಿದರೋ, ಮುಗಿಯಿತು. ಮೈಕ್ ಸೆಟ್ಟಿನ ನಂಜುಂಡೇಶ ಮಿಕ್ಸರಿನ ಮುಂದೆ ಕೂರುತ್ತಿದ್ದವನು, ಪಾಪದ ಮನುಷ್ಯ. ಒಂದು ಕಾರ್ಯಕ್ರಮದಲ್ಲಿ ಹಾಡುವವರ ಗಂಟಲೇ ಕೇಳುತ್ತಿಲ್ಲ ಅಂತ ಬೇಸ್ ಸ್ವಲ್ಪ ಇಳಿಸಿದ. ಮಾದೇಶ ಹಾಡಿನ ನಡುವೆಯೇ ಸ್ಟೇಜಿನಿಂದ ಧುಮುಕಿ, ಅವನ ಕುತ್ತಿಗೆ ಹಿಡಿದು ಮುಖವನ್ನು ಮಿಕ್ಸರಿಗೆ ಒತ್ತಿ ಉಜ್ಜಿದ. ಕೆನ್ನೆ ಕಿತ್ತು ಬಂದು ರಕ್ತ ಗುಂಡಿಗಳ ಸಂದಿಗೆಲ್ಲ ಇಳಿಯಿತು. ಆಮೇಲೆ ಬೀಡಿ ಹಚ್ಚಿ, ಕೋಪ ಬಂದರೆ ತನಗೆ ಕಣ್ಣೇ ಕಾಣುವುದಿಲ್ಲ ಅಂದ. ಕಲ್ಲಯ್ಯ ಕಮಕ್ ಕಿಮಕ್ ಅನ್ನಲಿಲ್ಲ. ಬೇಸ್ ನುಡಿಸುವವನು ಬೇಕಲ್ಲ.

ಹೆಂಡತಿ ಇಂದ್ರಾಣಿ ಕವಲಂದೆಯ ಹುಡುಗಿ. ಅವಳಿಗೂ ಅದೇ, ಕೋಪ ಬಂದರೆ ಕಣ್ಣು ಕಾಣುವುದಿಲ್ಲ ಅನ್ನುವ ಮಾತು ಹೇಳಿ ನಂಬಿಸಿದ್ದ. ಗಂಡನಿಗೆ ಅದೊಂದು ಕಾಯಿಲೆ ಅಂದುಕೊಂಡು ಆ ಮುಗ್ಧೆ ಅವನ ತೋಳಿಗೆ ತಾಯಿತವನ್ನೂ ಕಟ್ಟಿಸಿದ್ದಳು. ಒಂದು ಬೆಳಿಗ್ಗೆ ಧೂಳು ಹಿಡಿದಿದ್ದ ಡಬ್ಬವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಅಷ್ಟೇ ಅವಳು ಮಾಡಿದ ತಪ್ಪು. ಮಾದೇಶ ಅಂಗೈ ಬಿಡಿಸಿ ಕಿವಿಯ ಮೇಲೆ ಬಾರಿಸಿದ. ಒಳಗೆ ಏನೋ ಹರಿದು ರಕ್ತ ಕುತ್ತಿಗೆಗೆ ಇಳಿಯಿತು. ಎಡಗಿವಿ ಆವತ್ತೇ ಹೋಯಿತು. ಆ ಕಿವಿ ಇನ್ನು ಕೇಳುವುದಿಲ್ಲ ಅಂತ ಡಾಕ್ಟರು ಹೇಳಿಬಿಟ್ಟರು.

ಅವಳು ಮಗು ಅರ್ಪಿತಳನ್ನು ಎತ್ತಿಕೊಂಡು ತವರಿಗೆ ಹೋದಳು. ಮಾದೇಶ ಹಿಂದೆಯೇ ಹೋಗಿ ಅವರ ಹಟ್ಟಿಯ ಮುಂದೆ ಮಗುವಿನಂತೆ ಅತ್ತ. ಆ ಅಳುವೂ ಸುಳ್ಳಲ್ಲ. ಹೆಂಡತಿ, ಮಗಳು ಇಲ್ಲದೆ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಕೊನೆಗೆ ಇಂದ್ರಾಣಿ ನಾಲ್ಕು ಜನರ ಮುಂದೆ ಕಡ್ಡಿ ಮುರಿದ ಹಾಗೆ ಹೇಳಿದಳು.

"ಇನ್ನೊಂದ್ ಸಲ ನೀ ಕೈ ಎತ್ತಿದ್ರೆ, ನನ್ ಮ್ಯಾಲಾಗ್ಲಿ ಊರೋರ್ ಮ್ಯಾಲಾಗ್ಲಿ, ನಾ ತಿರುಗಿ ಬರಾಕಿಲ್ಲ."

ಮಾದೇಶ ಮಗಳ ತಲೆ ಮುಟ್ಟಿ ಒಪ್ಪಿಕೊಂಡ, ಇಬ್ಬರನ್ನೂ ಮನೆಗೆ ಕರೆತಂದ. ಆಮೇಲೆ ನಿಜಕ್ಕೂ ಕೈ ಕಟ್ಟಿಕೊಂಡೇ ಇದ್ದ. ಕಾರ್ಖಾನೆಯಲ್ಲಿ ಬೈಸಿಕೊಂಡು ಹಲ್ಲು ಕಚ್ಚಿದ, ನಂಜುಂಡೇಶ ಬೇಸ್ ಇಳಿಸಿದರೆ ಕಣ್ಣು ಕೆಂಪಗೆ ಮಾಡಿಕೊಂಡೇ ನುಡಿಸಿದ. ಸಂಸಾರ ಉಳಿದರೆ ಸಾಕು ಅನ್ನುವ ಹಾಗಾಗಿದ್ದ.

ತೊಂಬತ್ತೆಂಟರ ಬೇಸಿಗೆಯಲ್ಲಿ ಟಿ. ನರಸೀಪುರದ ಹತ್ತಿರ, ಹೊಳೆ ಪಕ್ಕದ ತೆಂಗಿನ ತೋಟದಲ್ಲಿ ಒಂದು ಬೀಗರೂಟಕ್ಕೆ ಪಾರ್ಟಿಯನ್ನು ಕರೆದಿದ್ದರು. ಬೀಗರೂಟ ಅಂದರೆ ಗೊತ್ತಲ್ಲ, ಮದುವೆ ಮುಗಿದ ಮೇಲಿನ ಬಾಡೂಟ. ಒಂದು ಕಡೆ ಮರಿಗಳನ್ನು ಕುಯ್ಯುತ್ತಿದ್ದರು, ಒಂದು ಕಡೆ ಬಾಟಲಿಗಳು ಉರುಳುತ್ತಿದ್ದವು. ಮಟಮಟ ಮಧ್ಯಾಹ್ನಕ್ಕೇ ಎರಡು ಕಡೆಯವರು ಎಲೆಯ ಮುಂದೆ ಮೂಳೆ ಕಮ್ಮಿ ಬಿತ್ತು ಅಂತ ಕಾಲರ್ ಹಿಡಿದಿದ್ದರು. ಒಬ್ಬನ ಹುಬ್ಬು ಸೀಳಿತು, ಇನ್ನೊಬ್ಬನನ್ನು ಸಾರಿನ ಕೊಳಗದ ಮೇಲೆ ತಳ್ಳಿ ತೊಡೆ ಬೇಯಿಸಿದರು.

ಆರ್ಕೆಸ್ಟ್ರಾದವರಿಗೆ ಇಂಥ ಕಡೆ ಒಂದು ಕಟ್ಟುನಿಟ್ಟಿನ ಪದ್ಧತಿ ಉಂಟು: ಹೊಡೆದಾಟ ಬಿದ್ದರೆ ಹಾಡು ನಿಲ್ಲಿಸಕೂಡದು. ಹಾಡು ನಿಂತರೆ ಕುಣಿಯುವವರೂ ಹೊಡೆದಾಟಕ್ಕೆ ಹೋಗುತ್ತಾರೆ, ಆಮೇಲೆ ಸ್ಟೇಜಿಗೇ ಬರುತ್ತಾರೆ. ಸದ್ದು ಏರಿಸಬೇಕು, ಡ್ಯಾನ್ಸ್ ಹಾಡು ಹಾಕಬೇಕು. ಕಲ್ಲಯ್ಯ ಕೀಬೋರ್ಡಿನ ಹಿಂದಿನಿಂದ ಕಣ್ಸನ್ನೆ ಮಾಡಿದ. ಎಲ್ಲರೂ ಏರಿಸಿದರು.

ಹಾಡುತ್ತಿದ್ದವಳು ಪವಿತ್ರ. ನಂಜನಗೂಡಿನಲ್ಲಿ ಬಟ್ಟೆ ಹೊಲಿಯುವ ಹುಡುಗಿ, ಮಾದೇಶನನ್ನು ಅಣ್ಣ ಅನ್ನುತ್ತಿದ್ದಳು. ಗಂಡಿನ ಸೋದರಮಾವ ದೇವರಾಜು, ಮರಳಿನ ಕಂಟ್ರಾಕ್ಟರು, ಕುಡಿದು ಕುಣಿಯುತ್ತ ಸ್ಟೇಜು ಹತ್ತಿದವನು ಅವಳ ಮಣಿಕಟ್ಟು ಹಿಡಿದ. ಅವಳು ಬಿಡಿಸಿಕೊಂಡಳು. ಅವನು ಸೊಂಟಕ್ಕೆ ಕೈ ಹಾಕಿ ದೊಡ್ಡ ಸ್ಪೀಕರುಗಳ ಹಿಂದಕ್ಕೆ ಎಳೆದ. ಮೈಕ್ ಬಿದ್ದು ಉರುಳಿತು. ಕೆಳಗಿನ ಜನಕ್ಕೆ ಏನೂ ಕಾಣಲಿಲ್ಲ. ಮಾದೇಶನಿಗೆ ಎಲ್ಲ ಕಾಣುತ್ತಿತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ.

"ಮಾದೇಶಣ್ಣ, ಬಿಡ್ಸಣ್ಣ" ಅಂತ ಅವಳು ಕೂಗಿದಳು.

ಮಾದೇಶ ಡಬ್ಬದ ಸ್ವಿಚ್ಚು ತುಳಿದ. ಬೇಸ್ ಗೊರಗೊರ ಎದ್ದು ತೋಟ ತುಂಬಿತು. ಕೆಳಗೆ ಜನ ಸಿಳ್ಳೆ ಹೊಡೆದು ಕುಣಿದರು, ಅವಳ ಕೂಗು ಅದರಡಿಯಲ್ಲಿ ಹೂತುಹೋಯಿತು. ಸ್ಟೇಜಿನ ಮೆಟ್ಟಿಲ ಬಳಿ ದೇವರಾಜುವಿನ ಆಳುಗಳು ದೊಣ್ಣೆ ಹಿಡಿದು ನಿಂತಿದ್ದರು. ಮಾದೇಶ ಅವರನ್ನು ನೋಡಿದ, ತನ್ನ ಬೆರಳುಗಳನ್ನು ನೋಡಿದ. ಕೈ ಎತ್ತಕೂಡದು, ಇಂದ್ರಾಣಿಗೆ ಮಾತು ಕೊಟ್ಟಿದ್ದೇನೆ ಅಂತ ಒಳಗೇ ಹೇಳಿಕೊಂಡ. ಮಾತಂತೆ ಮಾತು! ದೊಣ್ಣೆಗಳನ್ನು ನೋಡಿಕೊಂಡೇ ತಂತಿ ಮೀಟಿದ, ಒಂದು ತಾಳವೂ ತಪ್ಪಲಿಲ್ಲ.

ಪವಿತ್ರ ದೇವರಾಜುವಿನ ಕೈಯನ್ನು ರಕ್ತ ಬರುವ ಹಾಗೆ ಕಚ್ಚಿದಳು. ಅವನು ಅವಳ ಮುಖಕ್ಕೆ ಗುದ್ದಿದ. ಅವಳು ಬಂದು ಮಾದೇಶನ ಕಾಲ ಬಳಿ ಬಿದ್ದಳು, ಹಲ್ಲು ಮುರಿದು ಬಾಯಿ ತುಂಬ ರಕ್ತ. ಮೇಲೆ ನೋಡಿದಳು. ಅವನು ಮುಖ ತಿರುಗಿಸಿದ. ಅವಳ ಕೈಗೆ ಡಬ್ಬ ಸಿಕ್ಕಿತು. ವೈರು ಸಮೇತ ಕಿತ್ತುಕೊಂಡು ಎದ್ದಳು. ಸ್ಪೀಕರುಗಳು ಢಮಾರ್ ಅಂದು ಬೇಸ್ ಸತ್ತುಹೋಯಿತು. ಬಗ್ಗಿ ಮತ್ತೆ ಅವಳನ್ನು ಹಿಡಿಯಲು ಬಂದ ದೇವರಾಜುವಿನ ಹಣೆಗೆ ಎರಡೂ ಕೈಯಲ್ಲಿ ಎತ್ತಿ ಅಪ್ಪಳಿಸಿದಳು. ಹಣೆ ಬಿರಿಯಿತು. ಇನ್ನೊಂದು ಹಾಕಿದಳು. ಅವನು ಕಣ್ಣಿಗೆ ರಕ್ತ ಇಳಿದು ಕುರುಡನಂತೆ ತಡಕಾಡುತ್ತ ಡ್ರಮ್ಮಿನ ಮೇಲೆ ಬಿದ್ದ.

ಆಳುಗಳು ನುಗ್ಗಿದರು. ಕೀಬೋರ್ಡು ಎರಡು ತುಂಡಾಯಿತು, ಕಲ್ಲಯ್ಯನ ತೋಳು ಮುರಿಯಿತು. ಪವಿತ್ರಳಿಗೆ ಬೀಳುತ್ತಿದ್ದ ದೊಣ್ಣೆಗೆ ಅಡ್ಡ ಬಂದು ಬೆನ್ನು ಕೊಟ್ಟವನು ನಂಜುಂಡೇಶ. ಪಕ್ಕೆಲುಬು ಮುರಿಸಿಕೊಂಡೇ ಅವಳನ್ನು ಟೆಂಪೋ ತನಕ ಎಳೆದುಕೊಂಡು ಹೋದ. ಗೂಳಿ ಮಾದೇಶ ಆಗ ಗಿಟಾರ್ ತಬ್ಬಿಕೊಂಡು ಸ್ಟೇಜಿನ ಕೆಳಗೆ ಮಲಗಿದ್ದ.

ದೀಪ ಹಚ್ಚುವ ಹೊತ್ತಿಗೆ ಹೆಡತಲೆಗೆ ಬಂದ. ಹೊಡೆದಾಟದ ಸುದ್ದಿ ಆಗಲೇ ಬಸ್ಸಿನಲ್ಲಿ ಬಂದಿತ್ತು. ಇಂದ್ರಾಣಿ ಓಡಿ ಬಂದು ಅವನ ಬಲಗೈ ಹಿಡಿದು ಬೆಳಕಿಗೆ ತಿರುಗಿಸಿದಳು. ಗೆಣ್ಣು ತರಚಿರಲಿಲ್ಲ, ಉಗುರಿನಲ್ಲಿ ರಕ್ತವಿರಲಿಲ್ಲ. ಅವಳಿಗೆ ಹೋದ ಜೀವ ಬಂದ ಹಾಗಾಯಿತು. ಬಿಸಿನೀರು ಕೊಟ್ಟಳು, ಮುದ್ದೆ ಬಡಿಸಿದಳು. ಮಾದೇಶ ಉಣ್ಣುತ್ತ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ: ಆಳುಗಳ ದೊಣ್ಣೆ, ಪವಿತ್ರ ಕೂಗಿದ್ದು, ತಾನು ಕೊಟ್ಟ ಮಾತಿಗಾಗಿ ತಡೆದುಕೊಂಡು ನಿಂತದ್ದು. ಹೇಳುತ್ತ ಹೇಳುತ್ತ ಅವನ ದನಿಯಲ್ಲಿ ಸ್ವಲ್ಪ ಜಂಬವೂ ಸೇರಿಕೊಂಡಿತು. ಅವಳು ಬಲಗಿವಿಯನ್ನು ಅವನ ಕಡೆ ಮಾಡಿಕೊಂಡು ಪೂರ್ತಿ ಕೇಳಿದಳು. ಅನ್ನದ ಸಟ್ಟುಗ ಅವಳ ಕೈಯಲ್ಲೇ ಉಳಿಯಿತು.

"ಅಂಗಾದ್ರೆ ತಡ್ಕೊಳಕ್ಕೆ ಬತ್ತದೆ ನಿಂಗೆ" ಅಂದಳು.

ಮಾದೇಶ ಹೂಂ ಅಂದ, ಹೊಗಳಿದಳು ಅಂದುಕೊಂಡು.

"ದೊಣ್ಣೆ ಇಡ್ದೋರ್ ನಿಂತಿದ್ರೆ ಬತ್ತದೆ. ನನ್ ಕಿವಿಗ್ ಒಡ್ದಾಗ್ಲೂ ಬತ್ತಿತ್ತು. ನಾನೇ ಕಾಯ್ಲೆ ಅನ್ಕಂಡಿದ್ದೆ ಕಣಯ್ಯ."

ಸಟ್ಟುಗವನ್ನು ಅನ್ನದ ಪಾತ್ರೆಯಲ್ಲಿಟ್ಟು, ಮಲಗಿದ್ದ ಅರ್ಪಿತಳನ್ನು ಹೆಗಲಿಗೆ ಹಾಕಿಕೊಂಡಳು. ಮಾದೇಶ ಎಂಜಲು ಕೈಯಲ್ಲೇ ಎದ್ದು ಬಾಗಿಲಿಗೆ ಅಡ್ಡ ನಿಂತ. ಕೈ ತಾನಾಗೇ ಮೇಲೆದ್ದಿತು. ಇಂದ್ರಾಣಿ ಹಿಂದೆ ಸರಿಯಲಿಲ್ಲ, ಕಣ್ಣು ಮುಚ್ಚಲಿಲ್ಲ. ಬೀದಿಯಲ್ಲಿ ಅಕ್ಕಪಕ್ಕದ ಗಂಡಸರು ಎದ್ದು ನಿಂತು ನೋಡುತ್ತಿದ್ದರು. ಮಾದೇಶ ಕೈ ಇಳಿಸಿದ.

ಅವಳು ಅವನನ್ನು ದಾಟಿಕೊಂಡು ಕವಲಂದೆಯ ದಾರಿ ಹಿಡಿದಳು.