ಆರೂವರೆಯ ಟೀವಿ, ಅಕ್ಕನ ಫೋನು

ಮಂಡಿಗೆ ಆಪರೇಷನ್ ಆದಮೇಲೆ ಎರಡು ತಿಂಗಳು ಹೆಚ್ಚು ಓಡಾಡಬಾರದು ಎಂದರು ಡಾಕ್ಟರು. ತ್ಯಾವಣಿಗೆ, ಗೋವಿನಕೋವಿ ಕಡೆಯ ಹಳ್ಳಿಗಳಲ್ಲಿ ನರ್ಸಾಗಿ ನಿವೃತ್ತಿಯವರೆಗೂ ಮನೆಮನೆ ತಿರುಗಿದವಳು ನಾನು. ಕುರ್ಚಿಯಲ್ಲಿ ಕೂತು ಕೂತು ಬೇಸತ್ತು, ಟೀವಿಯ ಚಾನೆಲ್‌ಗಳನ್ನು ಒಂದೊಂದಾಗಿ ಬದಲಾಯಿಸುತ್ತಿದ್ದಾಗ ಆಕೆ ಸಿಕ್ಕಳು.

ಸಂಜೆ ಆರೂವರೆಯ ಕಾರ್ಯಕ್ರಮ. ಸುಮಾರು ನನ್ನದೇ ವಯಸ್ಸಿನ ಹೆಂಗಸು, ನೂಲಿನ ಸೀರೆ, ಬಣ್ಣ ಹಚ್ಚದ ಬಿಳಿ ಕೂದಲು. ಬೇರೆ ಕಡೆ ನಾಲ್ಕು ಜನ ಒಟ್ಟಿಗೆ ಕೂಗಾಡುತ್ತಿದ್ದರೆ ಈಕೆ ಒಬ್ಬಳೇ ಕೂತು, ಚರಂಡಿಗೆ ಇಳಿಯುವವರ ಕೈಗೆ ಗ್ಲೌಸ್ ಏಕಿಲ್ಲ, ಹೆಂಗಸರಿಗೆ ಕೂಲಿ ಏಕೆ ಕಡಿಮೆ, ದೇವಸ್ಥಾನದ ಬಾಗಿಲಲ್ಲಿ ಕೆಲವರನ್ನು ಏಕೆ ತಡೆಯುತ್ತಾರೆ ಎಂದು ಕೇಳುತ್ತಿದ್ದಳು. ಮಂತ್ರಿಗಳ ಹೆಸರನ್ನು ಗೌರವದಿಂದಲೇ ಹೇಳಿ, ಆಮೇಲೆ ಅವರು ಬೆವರುವಂಥ ಪ್ರಶ್ನೆ ಹಾಕುತ್ತಿದ್ದಳು. ನನಗೆ ಖುಷಿಯೋ ಖುಷಿ.

ನಮ್ಮ ತವರಿನಲ್ಲಿ ರಾಜಕೀಯವೆಂದರೆ ಗಂಡಸರು ಜಗಲಿಯ ಮೇಲೆ ಆಡುವ ಮಾತು. ನಾನೂ ಅಕ್ಕನೂ ಚಹಾ ಕೊಟ್ಟು ಒಳಗೆ ಬರುತ್ತಿದ್ದೆವು. ಯಾವ ಗುರುತಿಗೆ ಓಟು ಹಾಕಬೇಕೆಂದು ಮೊದಲು ಅಪ್ಪ ಹೇಳಿದರು, ಮದುವೆಯಾದಮೇಲೆ ಯಜಮಾನರು ಹೇಳಿದರು. ನಾವು ಯಾವುದಕ್ಕೆ ಹಾಕಿದೆವು ಅನ್ನುವುದು ಬೇರೆ ಮಾತು.

ಜಗಳೂರಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿ, ನೀನೂ ನೋಡು ಎಂದೆ. ಈ ವಯಸ್ಸಿನಲ್ಲಿ ಅದೆಲ್ಲ ಯಾಕೆ, ಧಾರಾವಾಹಿ ತಪ್ಪಿಹೋಗುತ್ತದೆ ಎಂದಳು. ನಾಲ್ಕನೇ ದಿನ ಜಾಹೀರಾತು ಶುರುವಾದ ಕೂಡಲೇ ಅವಳದೇ ಫೋನ್ ಬಂತು.

“ಆಯಮ್ಮ ಕೂಲಿ ವಿಷಯ ಹೇಳಿದ್ದು ಕೇಳಿದೇನೇ? ಕಳೆ ತೆಗೆಯಾಕೆ ಹೋಗುವಾಗ ನಾನೂ ಇದನ್ನೇ ಅಂತಿದ್ದೆ. ಯಾರು ಕಿವಿಗೆ ಹಾಕ್ಕೊಂಡ್ರು?”

ಅಲ್ಲಿಂದ ಪ್ರತಿ ಜಾಹೀರಾತಿಗೂ ನಮ್ಮ ಚರ್ಚೆ. ಆಕೆ ಒಂದೇ ಕಡೆಯ ಮಾತಾಡುತ್ತಾಳೆಂದು ಯಜಮಾನರಿಗೆ ಸಿಟ್ಟು. ಮೊದಮೊದಲು ಎದ್ದು ಹೋಗುತ್ತಿದ್ದರು. ಆಮೇಲೆ ಬೈಯುವುದಕ್ಕೆಂದೇ ಕೂತರು. ಬರಬರುತ್ತ ಆರೂಕಾಲಿಗೆ ತಾವೇ ಚಹಾ ಮಾಡಿ, ಮಂಡಕ್ಕಿ ಕಲಸಿ ತಂದಿಟ್ಟು ಬೈಯಲು ಸಿದ್ಧರಾಗುತ್ತಿದ್ದರು.

ಒಂದು ಸಂಜೆ ಆಕೆ, ಪಂಚಾಯಿತಿ ಚುನಾವಣೆಗೆ ನಿಂತು ಹೆಂಡತಿ ಗೆದ್ದ ಕುರ್ಚಿಯಲ್ಲಿ ಗಂಡ ಕೂರುವುದರ ಬಗ್ಗೆ ಮಾತಾಡಿದಳು. ಮರುವಾರವೇ ನಮ್ಮೂರಲ್ಲಿ ಗ್ರಾಮಸಭೆ. ನಮ್ಮೂರೆಂದರೆ ಸಾಸ್ವೆಹಳ್ಳಿಯಿಂದ ಸ್ವಲ್ಪ ದೂರದ ಸಣ್ಣ ಹಳ್ಳಿ. ಕೋಲು ಹಿಡಿದು ಹೋದೆ. ಅಧ್ಯಕ್ಷೆ ಕೂಸಾಗಿದ್ದಾಗ ಅವಳಿಗೆ ಪೋಲಿಯೊ ಹನಿ ಹಾಕಿದವಳು ನಾನು. ಡಿಗ್ರಿ ಓದಿದ ಜಾಣೆ. ಆದರೆ ಅವಳು ಸುಮ್ಮನೆ ಕೂತಿದ್ದಳು, ಪಕ್ಕದಲ್ಲಿ ಗಂಡ ಎಲ್ಲದಕ್ಕೂ ಉತ್ತರ ಕೊಡುತ್ತಿದ್ದ. ನಾನು ಎದ್ದುನಿಂತು, ತಪಾಸಣೆಗೆ ಬರುವ ಬಸುರಿಯರು ಆರೋಗ್ಯ ಉಪಕೇಂದ್ರದ ಮುಂದೆ ಬಿಸಿಲಲ್ಲಿ ನಿಲ್ಲುತ್ತಾರೆ, ಅಲ್ಲಿ ನೆರಳು, ಬೆಂಚು ಯಾಕಿಲ್ಲ ಎಂದು ಕೇಳಿದೆ. ಅವನು ಬಾಯಿ ತೆರೆದ.

“ನೀವು ಕೂತ್ಕಳ್ರಿ,” ಎಂದೆ. “ನಾನು ಕೇಳಿದ್ದು ಅಧ್ಯಕ್ಷರನ್ನ. ಅವರಿಗೆ ಮಾತಾಡಾಕೆ ಬರ್ತೈತೆ.”

ನಾನು ಕೋಲೂರಿ ನಿಂತೇ ಇದ್ದೆ. ಅವಳು ನಿಧಾನವಾಗಿ ಎದ್ದಳು. ಈ ಕೆಲಸವನ್ನು ತಾನೇ ಪಟ್ಟಿಯಲ್ಲಿ ಬರೆದಿದ್ದೆ, ಅದು ಹೇಗೋ ಬಿಟ್ಟುಹೋಗಿದೆ ಎಂದು ಹೇಳಿ, ಎಲ್ಲರೆದುರೇ ಮತ್ತೆ ಬರೆಸಿದಳು. ಆಮೇಲೆ ಕುಡಿಯುವ ನೀರು, ಬೀದಿದೀಪ ಎಲ್ಲಕ್ಕೂ ಅವಳೇ ಉತ್ತರಿಸಿದಳು. ಹಿಂದೆ ಕೂತಿದ್ದ ಹೆಂಗಸರು ಚಪ್ಪಾಳೆ ತಟ್ಟಿದರು. ಕೊನೆಗೆ ಗಂಡನೂ ತಟ್ಟಿದ.

ಬೆಂಚು ಬಂತು, ಮೇಲೆ ತಗಡಿನ ಶೀಟೂ ಬಂತು. ಅದನ್ನು ನೋಡಲೆಂದೇ ಅಕ್ಕ ಜಗಳೂರಿನಿಂದ ಎರಡು ಬಸ್ಸು ಬದಲಾಯಿಸಿ ಬಂದಳು. ಬೆಂಚಿನ ಮೇಲೆ ಕೂತು, ಗಟ್ಟಿ ಐತೆ ಎಂದು ತೀರ್ಪು ಕೊಟ್ಟಳು.

ಅಂದು ಸಂಜೆ ಮೂವರೂ ಟೀವಿ ಮುಂದೆ ಕೂತೆವು. ಹೆಂಡದಂಗಡಿ ಮುಚ್ಚಿದ ಮಾತ್ರಕ್ಕೆ ಕುಡಿತ ನಿಲ್ಲುವುದಿಲ್ಲ ಎಂದಳು ಆಕೆ. ಅಕ್ಕ ಕೆರಳಿದಳು, ಮುಚ್ಚಲೇಬೇಕು ಅಂದಳು. ನನಗೂ ಆಕೆಯ ಮಾತು ಅಂದು ಮೊದಲ ಸಲ ಒಪ್ಪಿಗೆಯಾಗಲಿಲ್ಲ. ಯಜಮಾನರು ಮಾತ್ರ, “ಆಯಮ್ಮ ಹೇಳೋದ್ರಾಗೆ ಸತ್ಯ ಐತೆ,” ಎಂದುಬಿಟ್ಟರು.

ಅಕ್ಕ ಟೀವಿ ಆರಿಸಿ, ಅವರ ಕಡೆ ತಿರುಗಿ ಕೂತಳು.

“ಈಗ ಹೇಳ್ರಿ, ಅದು ಹೆಂಗೆ ಅಂತ.”