ಅಪ್ಪನ ಮೋಟಾರು ದೋಣಿ

ಗುಂಡ್ಲುಪೇಟೆಯಲ್ಲಿ ಕೂತು ದೋಣಿ ರಿಪೇರಿ ಮಾಡುತ್ತಿದ್ದೇನೆ ಅಂದರೆ ಜನ ಮೊದಲು ನನ್ನ ಮುಖ ನೋಡುತ್ತಿದ್ದರು, ಆಮೇಲೆ ಆಕಾಶ ನೋಡುತ್ತಿದ್ದರು. ಹೆದ್ದಾರಿ ಪಕ್ಕದ ನನ್ನ ಮೋಟಾರ್ ವೈಂಡಿಂಗ್ ಅಂಗಡಿಯ ಹಿಂದೆ, ಶೀಟಿನ ನೆರಳಲ್ಲಿ, ಆ ದೋಣಿ ಮೂರು ವರ್ಷ ಇತ್ತು. ದಿನಕ್ಕೊಬ್ಬ ಬುದ್ಧಿವಂತ ಬಂದು "ಏನಣ್ಣ, ಪ್ರಳಯ ಗಿಳಯ ಆಯ್ತದಾ?" ಎಂದು ಕೇಳಿ, ಆ ಮಾತು ಜಗತ್ತಿನಲ್ಲಿ ತನಗೇ ಮೊದಲು ಹೊಳೆದಂತೆ ನಗುತ್ತಿದ್ದ. ಚೆಂಡುಹೂವಿನ ಹೊಲ ನೋಡಲು ಬಂದ ಕೇರಳದ ಕಾರಿನವರು ಇಳಿದು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಹುಟ್ಟಿದಾಗಿನಿಂದ ದೋಣಿ ನೋಡಿದವರಿಗೆ ದೋಣಿಯ ಫೋಟೊ ಬೇಕೆಂದರೆ ಇಲ್ಲಿಯವರೆಗೆ ಬರಬೇಕಿತ್ತೇ?

ದೋಣಿ ಅಪ್ಪನದು. ನಾವು ಚಿಕ್ಕವರಿದ್ದಾಗ ಅಪ್ಪ ಚಾಮರಾಜನಗರದಾಚೆ ಸುವರ್ಣಾವತಿ ಹಿನ್ನೀರಿನಲ್ಲಿ ಮೀನು ಹಿಡಿಯುವ ಗುತ್ತಿಗೆ ಹಿಡಿದಿದ್ದ. ಮಿಕ್ಕವರೆಲ್ಲ ಹರಿಗೋಲಿನಲ್ಲಿ ಕೂತು ಬಲೆ ಬಿಡುತ್ತಿದ್ದಾಗ ಅಪ್ಪ ಕಲ್ಲಿಕೋಟೆಗೆ ಹೋಗಿ ಮರದ ದೋಣಿಯೊಂದನ್ನು, ಅದರ ಹಿಂಬದಿಗೆ ಸಿಕ್ಕಿಸುವ ಮೋಟಾರಿನ ಸಮೇತ, ಲಾರಿಯಲ್ಲಿ ಹಾಕಿಸಿಕೊಂಡು ಕೇರಳ ಗಡಿಯ ಮದ್ದೂರಿನ ಕಾಡುದಾರಿಯಲ್ಲಿ ತಂದಿದ್ದ. ಗುತ್ತಿಗೆ ಬೇರೆಯವರಿಗೆ ಹೋದ ಮೇಲೆ ದೋಣಿ ಮನೆಗೆ ಬಂತು. ಅದರಲ್ಲಿ ಕೋಳಿಗಳು ಮೊಟ್ಟೆಯಿಟ್ಟವು, ಹುರುಳಿ ಹೊಟ್ಟು ತುಂಬಿದರು, ಮದುವೆಗೆ ತಂದ ಸೌದೆ ಒಟ್ಟಿದರು. ನಮ್ಮ ವಂಶಕ್ಕೆ ವಿಮಾನ ಕೊಟ್ಟರೂ ಹತ್ತು ವರ್ಷದಲ್ಲಿ ಅದನ್ನು ಕೋಳಿಗೂಡು ಮಾಡುತ್ತಾರೆ.

ನಾನು ಅದಕ್ಕೆ ಕೈಹಾಕಿದ್ದು ಅಪ್ಪನ ಕಣ್ಣಿನ ದೆಸೆಯಿಂದ. ಮೈಸೂರಿನ ಡಾಕ್ಟರು, ಕಣ್ಣೊಳಗೆ ಒತ್ತಡ ಹೆಚ್ಚಾಗಿದೆ, ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದು ಎಷ್ಟು ಕಾಲ ಇರುತ್ತದೋ ಹೇಳಲಾಗದು ಎಂದು ಡ್ರಾಪ್ಸ್ ಬರೆದುಕೊಟ್ಟರು. ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪ ನಂಜನಗೂಡು ದಾಟುವವರೆಗೂ ಡ್ರಾಪ್ಸ್ ಬಾಟಲಿಯನ್ನು ಬೆರಳಲ್ಲಿ ಉರುಳಿಸುತ್ತಿದ್ದ. ಆಮೇಲೆ, "ಪೂರಾ ಕತ್ಲಾಗಕ್ ಮುಂಚೆ ಒಂದ್ಸಲ ಆ ನೀರ್ ನಡುಮಧ್ಯ ಕುಂತ್ಕಂಡು ಬೆಟ್ಟ ನೋಡ್ಬುಡ್ಬೇಕು ಕಣ್ಲಾ. ನಂ ದೋಣೀಲೇ," ಅಂದ. ಅಪ್ಪ ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು.

ಅಣ್ಣನನ್ನು ಅಪ್ಪ ಕೇಳಲಿಲ್ಲ, ಕೇಳಿಯೂ ಪ್ರಯೋಜನವಿರಲಿಲ್ಲ. ಅಣ್ಣ ಚಾಮರಾಜನಗರದಲ್ಲಿ ವಿಮೆ ಏಜೆಂಟು. ಚೆನ್ನಾಗಿ ಉಣ್ಣುತ್ತಿರುವವರಿಗೆ ಅವರ ಸಾವಿನ ಕಥೆ ಹೇಳಿ ಸಹಿ ಹಾಕಿಸಿಕೊಳ್ಳುವ ಕೆಲಸ. ಅವನ ಬೈಕಿಗೆ ಉಡಿಗಾಲದಲ್ಲಿ ಮೊಲ ಅಡ್ಡ ಬಂದರೆ ತೆರಕಣಾಂಬಿ ಹೊತ್ತಿಗೆ ಅದು ಚಿರತೆಯಾಗಿ, ನಮ್ಮ ಮನೆ ಬಾಗಿಲಿಗೆ ಬರುವಾಗ ಹುಲಿಯಾಗಿರುತ್ತಿತ್ತು. ಕೈಯಲ್ಲಿ ಸ್ಪ್ಯಾನರ್ ಹಿಡಿದವನಲ್ಲ. ತಿಂಗಳಿಗೊಮ್ಮೆ ಬಂದು ದೋಣಿಯನ್ನು ಒಂದು ಸುತ್ತು ಹಾಕಿ, "ಸಾಕು ಬುಡ್ಲಾ, ತೇಲುದ್ರೆ ಆಯ್ತು. ಮದ್ವೆ ಗಂಡಾ ಅದು?" ಎಂದು ಟೀ ಕುಡಿದು ಹೋಗುತ್ತಿದ್ದ. ಅವನ ಬಾಯಿಂದ ಬಂದ ಸಲಹೆಯೆಂಬ ಒಂದೇ ಕಾರಣಕ್ಕೆ ನಾನು ಇನ್ನೊಂದು ಪದರ ಬಣ್ಣ ಹೊಡೆಯುತ್ತಿದ್ದೆ.

ಹಲಗೆ ಕೆಲಸಕ್ಕೆ ಸಿಕ್ಕ ಬಡಗಿ ಸಾಬರು ಮಂಚ, ಬಾಗಿಲು ಮಾಡಿದವರು. ದೋಣಿ ನೋಡಿ, "ಬಾಗ್ಲು ನೀರ್ ತಡಿಯಕ್ಕಿಲ್ಲ ಭಾಯಿ, ಇದು ತಡೀಬೇಕು. ಗೊತ್ತಿಲ್ಲದ್ ಕೆಲ್ಸ. ಹೊಸ್ದಾಗ್ ಕಲ್ತು ಮಾಡ್ತೀನಿ," ಅಂದರು. ಗೊತ್ತಿಲ್ಲ ಎಂದು ಒಪ್ಪಿಕೊಂಡ ಮನುಷ್ಯ ಆ ಮೂರು ವರ್ಷದಲ್ಲಿ ಅವರೊಬ್ಬರೇ. ಕೊಳೆತ ಹಲಗೆಗಳನ್ನು ಒಂದೊಂದಾಗಿ ಬಿಚ್ಚಿ ಹೊಸದು ಕೂರಿಸಿದರು. ಮೋಟಾರನ್ನು ನಾನು ಬಿಚ್ಚಿ ಕಟ್ಟಿದೆ. ಅದು ನೀರಿನಲ್ಲಿ ಮುಳುಗಿರುವ ತನ್ನ ಕಾಲಿನಿಂದಲೇ ನೀರು ಹೀರಿಕೊಂಡು ಮೈ ತಣ್ಣಗಿಟ್ಟುಕೊಳ್ಳುವ ಯಂತ್ರ. ಹಾಗಾಗಿ ನೀಲಿ ಡ್ರಮ್ಮಿನ ತುಂಬ ನೀರು ತುಂಬಿಸಿ, ಕಾಲನ್ನು ಅದರೊಳಗಿಳಿಸಿಯೇ ಓಡಿಸಿ ನೋಡುತ್ತಿದ್ದೆ. ಅಪ್ಪ ಕುರ್ಚಿಯಲ್ಲಿ ಕೂತು ಸದ್ದು ಕೇಳಿ, "ಇನ್ನೂ ಕೆಮ್ತದೆ," ಅನ್ನುತ್ತಿದ್ದ. ಒಂದು ದಿನ ಏನೂ ಅನ್ನಲಿಲ್ಲ. ಕೆಲಸ ಮುಗಿಯಿತೆಂದು ಅರ್ಥ.

ಮುಗಿದದ್ದೇ ತಡ, ನೆಂಟರೆಲ್ಲ ಹಾಜರು. ಮೂರು ವರ್ಷ ಇತ್ತ ತಲೆ ಹಾಕದವರು ಬಿಳಿ ಪಂಚೆ ಉಟ್ಟು ಬಂದರು. ದೋಣಿಯನ್ನು ಟ್ರಾಕ್ಟರ್ ಟ್ರೇಲರ್ ಮೇಲೆ ಏರಿಸಿ ನಿಲ್ಲಿಸಿದ್ದೆ. ಹೊತ್ತೇರುವುದರೊಳಗೆ ಹಿನ್ನೀರು ಮುಟ್ಟಬೇಕಿತ್ತು. ಅಣ್ಣ ಪೂಜೆಯಿಲ್ಲದೆ ಅಲುಗಾಡಿಸುವಂತಿಲ್ಲ ಅಂದ. ನಮ್ಮ ಜನಕ್ಕೆ ಎಂಜಿನ್ ಇರುವುದೆಲ್ಲ ಗಾಡಿ, ಗಾಡಿಯೆಂದ ಮೇಲೆ ಅದು ನಿಂಬೆಹಣ್ಣಿನ ಮೇಲೆ ಹತ್ತಿ ಇಳಿಯಲೇಬೇಕು. ದೋಣಿಗೆ ಚಕ್ರವೆಲ್ಲಿ? ನಾಲ್ಕು ಜನ ಹಿರಿಯರು ಅರ್ಧ ಗಂಟೆ ಇದನ್ನು ಚರ್ಚಿಸಿದರು. ಕೊನೆಗೆ ಟ್ರೇಲರಿನ ಚಕ್ರಕ್ಕೇ ನಿಂಬೆಹಣ್ಣಿಟ್ಟು, ಮೋಟಾರಿನ ಕಾಲಿಗೆ ಚೆಂಡುಹೂವಿನ ಹಾರ ಸುತ್ತಿ, ದೋಣಿಯ ಮೂಗಿಗೆ ಅರಿಸಿನ ಬಳಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ.

ಪೂಜಾರಿ ಮಂಗಳಾರತಿ ಹಚ್ಚಿಕೊಂಡು, "ಸ್ಟಾರ್ಟ್ ಮಾಡಿ," ಅಂದ.

"ನೀರಿಲ್ಲದೆ ಓಡಿಸುವಂತಿಲ್ಲ," ಅಂದೆ.

"ಒಂದೇ ಒಂದ್ ನಿಮ್ಸ ಕಣ್ಲಾ," ಅಂದ ಅಣ್ಣ. ಆಮೇಲೆ ನೆಂಟರ ಕಡೆ ತಿರುಗಿ ನಕ್ಕು, "ಮೂರ್ ವರ್ಸದಿಂದ ಉಜ್ತಾವ್ನೆ. ಸ್ಟಾರ್ಟ್ ಆಯ್ತದೋ ಇಲ್ವೋ ಅವ್ನಿಗೇ ಅನ್ಮಾನ," ಅಂದ.

ಎಲ್ಲರೂ ನಕ್ಕರು. ನಾನು ಟ್ರೇಲರ್ ಹತ್ತಿ ಹಗ್ಗ ಎಳೆದೆ. ಮೊದಲ ಎಳೆತಕ್ಕೇ ಮೋಟಾರು ಗುಡುಗಿತು. ಚಪ್ಪಾಳೆ ಬಿತ್ತು, ಗಂಟೆ ಬಾರಿಸಿದರು. ನಾನು ಹಿಡಿ ತಿರುಗಿಸಿ ವೇಗ ಇನ್ನೂ ಏರಿಸಿ ಅಣ್ಣನ ಮುಖ ನೋಡಿದೆ. ಅಷ್ಟರಲ್ಲಿ ಕುರ್ಚಿಯಿಂದ ಅಪ್ಪ ಕೂಗಿದ: "ನೀರಿಲ್ಲ ಕಣ್ಲಾ ಅದ್ಕೆ! ಆರ್ಸ್ಲಾ!"

ಗದ್ದಲದಲ್ಲಿ ಕೇಳಿಸಲಿಲ್ಲವೆಂದು ಆಮೇಲೆ ಎಲ್ಲರಿಗೂ ಹೇಳಿದೆ. ಸುಳ್ಳು. ಕೇಳಿಸಿತ್ತು. ಅಣ್ಣನ ನಗು ಪೂರ್ತಿ ಇಳಿಯಲಿ ಎಂದು ಕಾದೆ, ಅಷ್ಟೆ. ಅದು ಇಳಿಯುವ ಹೊತ್ತಿಗೆ ರಬ್ಬರ್ ಸುಟ್ಟ ವಾಸನೆ ಬಂತು. ಒಣಗಿದ ಬೋರ್‌ವೆಲ್ಲಿನಲ್ಲಿ ಪಂಪು ಓಡಿಸಿ ಸುಟ್ಟುಕೊಂಡು ಅಂಗಡಿಗೆ ಬರುವ ರೈತರಿಗೆ, ತಲೆಯಲ್ಲಿ ಏನಿದೆ ನಿಮಗೆ ಎಂದು ವರ್ಷವಿಡೀ ಉಗಿಯುವವನು ನಾನು. ಹೂವಿನ ಹಾರ ಸುತ್ತಿದ ಮೋಟಾರನ್ನು ಅದೇ ರೀತಿ ಸುಟ್ಟೆ.

ನೀರೆತ್ತುವ ಸಣ್ಣ ರಬ್ಬರ್ ಚಕ್ರ ಕರಗಿಹೋಗಿತ್ತು. ಬಿಸಿ ಏರಿ ಒಳಗಿನ ಪಿಸ್ಟನ್ನಿಗೂ ಗೀರು ಬಿದ್ದಿತ್ತು. ಅಷ್ಟು ಹಳೆಯ ಮೋಟಾರಿಗೆ ಸಾಮಾನು ಎಲ್ಲಿಂದ ಬರಬೇಕು? ಬತ್ತೇರಿ, ಕಲ್ಲಿಕೋಟೆ, ಬೇಪೂರು ಎಲ್ಲ ಅಲೆದೆ. ಹೋದಲ್ಲೆಲ್ಲ ಮಲಯಾಳಿ ಮೆಕ್ಯಾನಿಕ್ಕುಗಳು, ನೀರಿಲ್ಲದೆ ಯಾಕೆ ಓಡಿಸಿದಿರಿ ಎಂದು ಕೇಳುತ್ತಿದ್ದರು, ನಾನು ನನ್ನ ರೈತರನ್ನು ನೋಡುವ ಹಾಗೆಯೇ ನನ್ನನ್ನು ನೋಡುತ್ತ. ಸಾಮಾನು ಸಿಕ್ಕಿ, ಮೋಟಾರು ಮತ್ತೆ ಕೂಡಿ ಬರಲು ನಾಲ್ಕು ತಿಂಗಳಾಯಿತು.

ಆ ನಾಲ್ಕು ತಿಂಗಳಲ್ಲಿ ಅಪ್ಪನ ಕಣ್ಣು ಪೂರ್ತಿ ಹೋಯಿತು. ಪೂಜೆಯ ದಿನ ಅಪ್ಪನಿಗೆ ನೇರ ಎದುರಿಗಿದ್ದದ್ದು ಒಂದಿಷ್ಟು ಕಾಣುತ್ತಿತ್ತು. ಅಂದೇ ಹೊರಟಿದ್ದರೆ ಬೆಟ್ಟ ಕಾಣುತ್ತಿತ್ತು. ಅಪ್ಪ ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಎರಡನೆಯ ಸಲ ಪೂಜೆಯಿಲ್ಲ, ನೆಂಟರಿಲ್ಲ. ಅಪ್ಪ, ಅಣ್ಣ, ನಾನು. ಅಣ್ಣನನ್ನು ಕರೆದದ್ದು ನಾನಲ್ಲ, ಅಪ್ಪ. ಹಿನ್ನೀರಿನ ದಡದಲ್ಲಿ ಅಪ್ಪನನ್ನು ಎತ್ತಿ ದೋಣಿಯೊಳಗೆ ಕೂರಿಸಲು ಹೋದರೆ ನನ್ನ ಕೈ ಕೊಸರಿ ತಾನೇ ಹತ್ತಿ, ತಡಕಿಕೊಂಡು ಹಿಂಬದಿಗೆ ಹೋಗಿ ಮೋಟಾರಿನ ಹಿಡಿ ಹಿಡಿದ. ಹಗ್ಗವನ್ನೂ ತಾನೇ ಎಳೆದ. ಮೋಟಾರು ಕೆಮ್ಮಲಿಲ್ಲ. ದೋಣಿ ಒಂದು ತೊಟ್ಟೂ ಸೋರಲಿಲ್ಲ. ಅಣ್ಣ ಮುಂದುಗಡೆ ದಾರಿ ನೋಡುತ್ತ ಕೂತ. ನಾನು ನಡುವೆ, ಯಾವುದಕ್ಕೂ ಬೇಡದವನಂತೆ ಕೂತಿದ್ದೆ.

"ಎಡುಕ್ಕೆ ಅಪ್ಪ... ಇನ್ನೊಂಚೂರು... ಈಗ ನೆಟ್ಗೆ," ಅನ್ನುತ್ತಿದ್ದ ಅಣ್ಣ. ಅಪ್ಪ ಅವನು ಹೇಳಿದಂತೆ ತಿರುಗಿಸುತ್ತಿದ್ದ. ನಡುನೀರಿಗೆ ಬಂದಾಗ ಅಪ್ಪ ವೇಗ ತಗ್ಗಿಸಿ, "ಬೆಟ್ಟ?" ಅಂದ.

ಬಿಸಿಲ ಝಳಕ್ಕೆ ಬೆಟ್ಟ ಮಬ್ಬಾಗಿ ಬೂದು ಬಣ್ಣದ ಗೋಡೆಯಷ್ಟೇ ಕಾಣುತ್ತಿತ್ತು. ಅಣ್ಣ ಶುರು ಮಾಡಿದ. ಬೆಟ್ಟ ಹಸಿರಾಗಿ ನಳನಳಿಸ್ತಿದೆ, ನೆತ್ತಿಯ ಬಂಡೆ ಬಿಸಿಲಿಗೆ ಹೊಳೀತಿದೆ, ಆ ತಪ್ಪಲಿನ ಮರದಲ್ಲಿ ಕೆಂಪು ಹೂ ಬಿಟ್ಟಿದೆ. ಒಂದೂ ನಿಜವಲ್ಲ. ನನಗೆ ಮೈಯೆಲ್ಲ ಉರಿಯಿತು. ಕೊನೆಗೆ, "ಅಪ್ಪ, ಆ ದಡದಲ್ಲಿ ಆನೆ ಕಣಪ್ಪ! ಮರಿ ಬೇರೆ ಅದೆ!" ಅಂದ.

ಅಪ್ಪನ ಮುಖ ನನ್ನ ಕಡೆ ತಿರುಗಿತು. "ದಿಟ ಏನ್ಲಾ? ನೀ ಯೋಳು. ನೀ ಸುಳ್ ಯೋಳಲ್ಲ."

ದಡದಲ್ಲಿ ಒಂದು ನಾಯಿಯೂ ಇರಲಿಲ್ಲ. "ಊಂ ಕಣಪ್ಪ," ಅಂದೆ. "ಅವೆ. ಮರೀನೂ ಅದೆ."

ಅಪ್ಪ ಮೂಗಿನಲ್ಲೇ ನಕ್ಕ. "ಈ ಸುಡ್ ಸುಡ್ ಬಿಸ್ಲಲ್ಲಿ ಆನೆ ದಡುಕ್ ಬತ್ತವೇನ್ಲಾ? ಅಷ್ಟ್ ವರ್ಸ ಈ ನೀರ್ ಮ್ಯಾಲೇ ಇದ್ದೋನ್ಗೆ ಯೋಳ್ತೀಯಾ? ನಿಂಗ್ ಸುಳ್ ಯೋಳಕ್ ಬರಾದಿಲ್ಲ, ಬುಡು."

ಆಮೇಲೆ ಅಣ್ಣನ ಕಡೆ ತಿರುಗಿ, ಹಿಡಿಯನ್ನು ಮೆಲ್ಲಗೆ ತಿರುವುತ್ತ ಕೇಳಿದ: "ಮರಿ ಏನ್ ಮಾಡ್ತಾ ಅದ್ಲಾ?"