ಅರವತ್ತರ ಶಾಂತಿಗೆ ಮುಂಚೆ ಸಾಯಬಾರದು

ಕಳೆದ ವರ್ಷದ ನಾಟಕಕ್ಕೆ ನಾನು ತೆತ್ತ ಬೆಲೆ ಒಂದು ಸಾವು. ಅದರ ಜೊತೆಗೆ ಸಾಯುವವನ ಒಂದೂವರೆ ಪುಟದ ಕೊನೆಯ ಮಾತು, ಒಂದು ಚೆಂಡುಹೂವಿನ ಹಾರ, ಮೂಗಿಗೆ ಇಡುವ ಹತ್ತಿ. ಸಭಾಂಗಣದ ಬಾಡಿಗೆ, ಮೈಕು, ಲೈಟು ಎಲ್ಲ ಬೇರೆ. ಅವುಗಳ ಚೌಕಾಸಿಯಲ್ಲಿ ನಾನು ಸೋತವನಲ್ಲ. ಸೋತದ್ದು ಈ ಸಾವಿನ ವ್ಯವಹಾರದಲ್ಲಿ. ಕಾರಣ ಇಷ್ಟೇ: ನಾಟಕದಲ್ಲಿ ಸಾಯಬೇಕಾದವರಿಗೆ ಅದೇ ತಿಂಗಳು ಅರವತ್ತು ತುಂಬುವುದಿತ್ತು. ಅದನ್ನು ಕೇಳಿಕೊಳ್ಳದೆ ನಾನು ಅವರನ್ನು ಸಾಯಿಸಲು ಹೊರಟಿದ್ದೆ.

ನನ್ನ ಕಸುಬು ನಾಟಕ ಬರೆಯುವುದು, ಆಡಿಸುವುದು. ಧಾರವಾಡದ ಕಡೆಯಿಂದ ಬಂದು ಉಲ್ಹಾಸನಗರದ ಒಂದು ಬಟ್ಟೆ ಅಂಗಡಿಯಲ್ಲಿ ಮೀಟರು ಹಿಡಿದು ನಿಂತವನು ನಾನು. ಗಿರಾಕಿಯ ಕಣ್ಣು ಯಾವ ಬಟ್ಟೆಯ ತಾನಿನ ಮೇಲೆ ನಿಂತಿದೆ ಎಂದು ನೋಡಿ ಮಾತು ಶುರು ಮಾಡುವುದನ್ನು ಅಲ್ಲೇ ಕಲಿತೆ. ಇವತ್ತಿಗೂ ನಾಟಕವನ್ನು ನಾನು ಅಳತೆ ತೆಗೆದೇ ಹೊಲಿಯುವುದು. ಯಾರು ಸಿಗುತ್ತಾರೆ, ಅವರಿಗೆ ಯಾವ ವಾರ ರಜೆ, ನಾಲಿಗೆ ಯಾವ ಭಾಷೆಯಲ್ಲಿ ಹೊರಳುತ್ತದೆ ಎಂದು ನೋಡಿಕೊಂಡು ಬರೆಯುತ್ತೇನೆ. ವಿಠ್ಠಲವಾಡಿಯಲ್ಲಿ ಮನೆ. ಕಲ್ಯಾಣದಲ್ಲಿ ಕೊಡಬೇಕಾದ ಬಾಡಿಗೆಗೆ ಇಲ್ಲಿ ಒಂದು ಕೋಣೆ ಹೆಚ್ಚಿಗೆ ಸಿಗುತ್ತದೆ, ಆ ಕೋಣೆಯಲ್ಲಿ ಕೂತೇ ಬರೆಯುವುದು.

ಕನ್ನಡ ನಾಟಕವೊಂದನ್ನೇ ನಂಬಿದರೆ ಒಲೆ ಉರಿಯುವುದಿಲ್ಲ. ಮಾಜಿವಾಡಾದ ಹೌಸಿಂಗ್ ಸೊಸೈಟಿಗಳ ವಾರ್ಷಿಕೋತ್ಸವಕ್ಕೆ ಮರಾಠಿ-ಹಿಂದಿ ಬೆರೆಸಿದ ಪ್ರಹಸನ ಬರೆದುಕೊಡುತ್ತೇನೆ. ಅಲ್ಲಿ ಪಾರ್ಕಿಂಗ್ ಜಗಳ ಇರಲೇಬೇಕು, ಸೆಕ್ರೆಟರಿಯ ಹೊಗಳಿಕೆಯೂ ಇರಲೇಬೇಕು. ಮಹಾಪೆಯ ಕಾರ್ಖಾನೆಗಳಲ್ಲಿ ಸುರಕ್ಷತಾ ಸಪ್ತಾಹ ಬಂತೆಂದರೆ ನನಗೆ ಸುಗ್ಗಿ. ಹೆಲ್ಮೆಟ್ ಹಾಕದ ಕೆಲಸಗಾರನೊಬ್ಬನನ್ನು ಬೆಳಗಿನ ಪಾಳಿಯವರಿಗಾಗಿ ಊಟಕ್ಕೆ ಮುಂಚೆ ಒಮ್ಮೆ ಸಾಯಿಸುತ್ತೇನೆ, ಮಧ್ಯಾಹ್ನದ ಪಾಳಿಯವರಿಗಾಗಿ ಊಟದ ಮೇಲೆ ಇನ್ನೊಮ್ಮೆ ಸಾಯಿಸುತ್ತೇನೆ. ಸತ್ತವನು ಎದ್ದು ಪ್ಯಾಂಟು ಝಾಡಿಸಿಕೊಂಡು ಕ್ಯಾಂಟೀನಿನಲ್ಲಿ ನನ್ನ ಪಕ್ಕದಲ್ಲೇ ಊಟಕ್ಕೆ ಕೂರುತ್ತಾನೆ. ಹೀಗೆ ವರ್ಷವಿಡೀ ಕೊಂದೂ ಕೊಂದೂ ನನಗೆ ಸಾವು ಎಂದರೆ ಸಲೀಸಾಗಿ ಹೋಗಿತ್ತು.

ಕಳೆದ ವರ್ಷದ ಈ ನಾಟಕ ಮಾತ್ರ ಡೊಂಬಿವ್ಲಿಯ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಎಂದು ಬರೆದದ್ದು. ಕಥೆ ಸರಳ. ಹಳೆಯ ಬಿಲ್ಡಿಂಗು, ಕೆಡವಿ ಹೊಸದು ಕಟ್ಟುವ ರೀಡೆವಲಪ್‌ಮೆಂಟಿಗೆ ಹೋಗುತ್ತದೆ. ಅಪ್ಪ ಸಾಯುತ್ತಾನೆ. ಬರಲಿರುವ ಹೊಸ ಫ್ಲ್ಯಾಟಿಗಾಗಿ ಮಗ, ಮಗಳು ಹೆಣದ ಮುಂದೆಯೇ ಜಗಳಕ್ಕೆ ನಿಲ್ಲುತ್ತಾರೆ. ಅಪ್ಪನ ಪಾರ್ಟು ಡೊಂಬಿವ್ಲಿಯಲ್ಲಿ ಹೋಟೆಲು ನಡೆಸುವ ಉಡುಪಿ ಕಡೆಯ ಒಬ್ಬರದು. ನಾನು ಅವರನ್ನು ಅಣ್ಣಾರ ಅನ್ನುತ್ತೇನೆ, ಅವರು ನನ್ನನ್ನು ಮಾಷ್ಟ್ರೇ ಅನ್ನುತ್ತಾರೆ. ಎಷ್ಟೋ ವರ್ಷಗಳಿಂದ ಸಂಘದ ನಾಟಕಗಳಿಗೆ ಅವರದೇ ತಿಂಡಿ, ಅವರದೇ ದೇಣಿಗೆ. ಪ್ರತಿ ಸಲ ಕೊನೆಗೆ ವೇದಿಕೆಗೆ ಕರೆದು ಶಾಲು ಹೊದೆಸಿ ಕೆಳಗಿಳಿಸುತ್ತಿದ್ದರು. ಒಮ್ಮೆ ಅವರು ನನ್ನ ಕೈ ಹಿಡಿದು, "ಮಾಷ್ಟ್ರೇ, ಶಾಲು ಸಾಕು ಮಾರಾಯ್ರೆ, ಕಪಾಟು ತುಂಬಿತು. ನನಗೊಂದು ಪಾರ್ಟು ಕೊಡಿ. ಬಾಗಿಲು ತೆಗೆಯುವ ಪಾರ್ಟಲ್ಲ, ದೊಡ್ಡದು" ಅಂದಿದ್ದರು. ಅದಕ್ಕೇ ಅಳತೆ ತೆಗೆದು ಈ ಅಪ್ಪನನ್ನು ಹೊಲಿದೆ.

ತಾಲೀಮು ಅವರ ಹೋಟೆಲಿನ ಮಹಡಿಯ ಮೇಲೆ. ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಶುರುವಾಗುವ ತನಕ ಆ ಫ್ಯಾಮಿಲಿ ರೂಮು ಖಾಲಿ. ಅಣ್ಣಾರ ಗಲ್ಲಾದ ಮೇಲೆ ಕೂತೇ ಕೊನೆಯ ಮಾತನ್ನು ಬಾಯಿಪಾಠ ಮಾಡಿದ್ದರು. ಬಿಲ್ಲು ಕೊಡಲು ಬಂದ ಗಿರಾಕಿಗೆ, "ಮಗನೇ, ನನ್ನ ಉಸಿರು ನಿಲ್ಲುವ ಮೊದಲು..." ಎಂದು ಹೇಳಿ ಚಿಲ್ಲರೆ ಕೊಟ್ಟದ್ದೂ ಉಂಟಂತೆ.

ಆ ದಿನ ಎರಡು ಟೇಬಲ್ಲು ಜೋಡಿಸಿ ಅವರನ್ನು ಮಲಗಿಸಿದ್ದೆವು. ಕೊರಳಿಗೆ ದೇವರ ಫೋಟೋದಿಂದ ತೆಗೆದ ನಿನ್ನೆಯ ಹಾರ, ಮೂಗಿಗೆ ಫಸ್ಟ್ ಏಡ್ ಡಬ್ಬಿಯ ಹತ್ತಿ. ಮಗಳ ಪಾರ್ಟಿನ ಕಾಲೇಜು ಹುಡುಗಿ ಅಳಲು ಶುರು ಮಾಡಿದ್ದಳು, ಅಷ್ಟೆ. ಪುರೋಹಿತರು ಕಳಿಸಿದ ಸಾಮಾನಿನ ಪಟ್ಟಿಯ ಬಗ್ಗೆ ಏನೋ ಕೇಳಲೆಂದು ಅಣ್ಣಾರ ಹೆಂಡತಿ, ನಾನು ಅಕ್ಕ ಎಂದು ಕರೆಯುವವರು, ಮೆಟ್ಟಿಲು ಹತ್ತಿ ಬಂದರು. ಬಾಗಿಲಲ್ಲೇ ನಿಂತು ಅವರು ಕೂಗಿದ್ದಕ್ಕೆ ಕೆಳಗಿನ ಅಡುಗೆಮನೆಯಲ್ಲಿ ತಟ್ಟೆ ಬಿದ್ದ ಸದ್ದು ಕೇಳಿಸಿತು.

"ಏಳಿ! ಮೊದಲು ಅಲ್ಲಿಂದ ಏಳಿ!"

ಅಣ್ಣಾರ ಒಂದು ಕಣ್ಣು ತೆರೆದು, "ಈಗ ತಾನೆ ಸತ್ತೆ ಮಾರಾಯ್ತಿ. ಸ್ವಲ್ಪ ಹೊತ್ತು ಇರ್ಲಿಕ್ಕೆ ಬಿಡು" ಅಂದರು.

ಅಕ್ಕ ಹಾರ ಕಿತ್ತು ನನ್ನ ಕಡೆ ತಿರುಗಿದರು. "ನಿಮಗೆ ಸಾಯಿಸ್ಲಿಕ್ಕೆ ಬೇರೆ ಜನ ಸಿಗಲಿಲ್ವಾ ಮಾಷ್ಟ್ರೇ? ಇವರ ಅರವತ್ತರ ಶಾಂತಿ ಇದೇ ತಿಂಗಳು ಉಂಟು. ಹೋಮ ಆಗುವ ಮೊದಲು ಯಾರಾದ್ರೂ ಹೀಗೆ ಮಲಗುವುದುಂಟಾ?"

ಅರವತ್ತು ತುಂಬುವ ವರ್ಷದಲ್ಲಿ ಗಂಡಾಂತರ ಇರುತ್ತದೆ, ಶಾಂತಿ ಮಾಡಿಸಿ ಅದನ್ನು ದಾಟಬೇಕು ಎನ್ನುವ ನಂಬಿಕೆ ನಮ್ಮ ಕಡೆಯೂ ಇದೆ. ನನಗೆ ಗೊತ್ತಿರಲಿಲ್ಲ ಅನ್ನುವಂತಿಲ್ಲ. ಅಣ್ಣಾರಿಗೆ ಎಷ್ಟು ವಯಸ್ಸು ಎಂದು ಮಾತ್ರ ಕೇಳಿರಲಿಲ್ಲ. ನಾಟಕ ಶಾಂತಿಗಿಂತ ಎರಡು ವಾರ ಮುಂಚೆ. ಸಭಾಂಗಣದ ತಾರೀಖು ಬದಲಾಗುವಂತಿಲ್ಲ, ಹೋಮದ ಮುಹೂರ್ತವಂತೂ ಬದಲಾಗುವುದೇ ಇಲ್ಲ. ಬೇರೆಯವರಿಗೆ ಪಾರ್ಟು ಕೊಟ್ಟರೆ ಅಣ್ಣಾರ ಮತ್ತೆ ಶಾಲಿಗೇ ಹೋಗಬೇಕು. ಅವರು ಟೇಬಲ್ಲಿನ ಅಂಚಿಗೆ ಕೂತು ಮೂಗಿನ ಹತ್ತಿ ತೆಗೆಯುತ್ತಿದ್ದ ರೀತಿ ನೋಡಿದರೆ, ಅದನ್ನು ಹೇಳುವ ಧೈರ್ಯ ಯಾರಿಗೂ ಬರುವಂತಿರಲಿಲ್ಲ.

ಮರುದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಸರಿಯಾಗಿ ಅವರ ಮನೆಗೆ ಹೋದೆ. ಚೌಕಾಸಿಗೆ ಹೊಟ್ಟೆ ತುಂಬಿದ ಹೊತ್ತೇ ಒಳ್ಳೆಯದು. ಅಕ್ಕ ಬಾಳೆಹಣ್ಣಿನ ಬನ್ಸು ಕರಿಯುತ್ತಿದ್ದರು.

"ಅಕ್ಕಾರ, ಸಾಯೂದು ಬ್ಯಾಡ. ಆಸ್ಪತ್ರೆಗೆ ಸೇರಸ್ತೀನಿ. ಬರೇ ಬೇಹೋಶ್, ಎಚ್ಚರ ತಪ್ಪಿ ಇರತಾರ," ಅಂದೆ.

"ಐಸಿಯು ಬೇಡ."

"ಕಾಶಿಗೆ ಹೋಗ್ಯಾರ ಅಂತ ಮಾಡೋಣ."

"ಇವರೊಬ್ಬರೇ ಅಷ್ಟು ದೂರ ಹೋಗುವುದಾ? ನಾನೆಲ್ಲಿ ಹಾಗಾದ್ರೆ?"

"ಕಾಣೆಯಾಗಲಿ? ಕರ್ಜತ್ ಲೋಕಲ್ ಗಾಡಿ ಹತ್ತಿ, ನಿದ್ದಿ ಮಾಡಿ, ಕೊನೀ ಸ್ಟೇಷನ್ನಿಗೆ ಹೋಗಿಬಿಟ್ರು ಅಂತ?"

"ಕಾಣೆಯಾದವರ ಫೋಟೋ ಪೇಪರಿನಲ್ಲಿ ಬರ್ತದೆ. ಬೇಡ."

ನನ್ನ ಚೀಲದಲ್ಲಿದ್ದ ಮಾಲೆಲ್ಲ ಖಾಲಿಯಾಯಿತು. ಅಣ್ಣಾರ ಮೇಜಿನ ಒಂದು ತುದಿಯಲ್ಲಿ ಕೂತು ಬನ್ಸು ಮುರಿಯುತ್ತಿದ್ದರು. ಇನ್ನೊಂದು ತುದಿಯಲ್ಲಿ ಅವರ ಮಗ, ಮಗಳು. ಅವರ ಬಿಲ್ಡಿಂಗೂ ರೀಡೆವಲಪ್‌ಮೆಂಟಿಗೆ ಹೋಗುವುದರಲ್ಲಿತ್ತು. ಬಿಲ್ಡರು ಮೊಬೈಲಿಗೆ ಕಳಿಸಿದ ನಕ್ಷೆಯನ್ನು ಬೆರಳಿನಿಂದ ಹಿಗ್ಗಿಸುತ್ತ ಇಬ್ಬರೂ ಹಿಂದಿಯಲ್ಲಿ ವಾದಕ್ಕೆ ಬಿದ್ದಿದ್ದರು. ಹಾಲ್ ಚಿಕ್ಕದಾಯಿತು, ಮಾಸ್ಟರ್ ಬೆಡ್‌ರೂಮು ಯಾರಿಗೆ, ವಾಷಿಂಗ್ ಮಷೀನು ಎಲ್ಲಿ. ಅಣ್ಣಾರ ನಡುವೆ, "ಗಾಳಿ ಯಾವ ಕಡೆಯಿಂದ ಬರ್ತದೆ ಅದರಲ್ಲಿ?" ಎಂದು ಕೇಳಿದರು. "ಪಪ್ಪಾ, ಏಕ್ ಮಿನಿಟ್," ಅಂದಳು ಮಗಳು ತಲೆ ಎತ್ತದೆ. ಆ ಒಂದು ಮಿನಿಟು ಬನ್ಸು ಮುಗಿದರೂ ಬರಲಿಲ್ಲ.

ಅಕ್ಕ ಜಾಲರಿ ಸೌಟನ್ನು ಬಾಣಲೆಯ ಅಂಚಿಗೆ ಕುಟ್ಟಿ ನನ್ನ ಕಡೆ ನೋಡಿದರು. "ನೀವು ಸಾಯಿಸುವುದು ಯಾಕೆ ಮಾಷ್ಟ್ರೇ? ಇಲ್ಲೇ ಕೂತಿದ್ದಾರಲ್ಲ, ಯಾರಾದ್ರೂ ಕೇಳ್ತಾರಾ?"

ಮಕ್ಕಳಿಬ್ಬರೂ ಈಗ ತಲೆ ಎತ್ತಿದರು. "ಕ್ಯಾ ಹುವಾ ಮಮ್ಮಿ?" "ಏನಿಲ್ಲ, ತಿನ್ನಿ," ಅಂದರು ಅಕ್ಕ. ನಾನು ಎರಡನೇ ಬನ್ಸು ಅರ್ಧಕ್ಕೆ ಬಿಟ್ಟೆ. ಒಳ್ಳೆಯ ತಾನು ಕಣ್ಣಿಗೆ ಬಿದ್ದಾಗ ಅದನ್ನು ಹೆಚ್ಚು ಹೊತ್ತು ಮುಟ್ಟುತ್ತ ನಿಲ್ಲಬಾರದು, ತಕ್ಷಣ ಕಟ್ಟಿಸಿಕೊಳ್ಳಬೇಕು. "ಅಕ್ಕಾರ, ಅಪ್ಪ ಜೀವಂತ ಇರತಾನ. ಮೇಜಿನ ಮ್ಯಾಲೆ ಉಪ್ಪಿಟ್ಟು ತಿನ್ನಕೋತ ಕೂತಿರತಾನ. ಮಕ್ಕಳು ಅವನ ಎದುರೇ ಮನಿ ಹಂಚಕೋತಾರ. ನಡೀತದೇನ್ರಿ?" ಎಂದೆ. ಅಕ್ಕ ಸ್ವಲ್ಪ ಯೋಚಿಸಿ, "ಉಪ್ಪಿಟ್ಟು ನಡೀತದೆ," ಅಂದರು. ಮಕ್ಕಳಿಗೂ ಅಲ್ಲೇ ಹೇಳಿ ಒಪ್ಪಿಗೆ ಪಡೆದೆ. ಮಗನ ಷರತ್ತು ಒಂದೇ: ನಾಟಕದ ಮಗ ತನ್ನಂತೆ ಇಂಜಿನಿಯರ್ ಆಗಿರಬಾರದು. ಅವನನ್ನು ಸಿಎ ಮಾಡಿದೆ.

ಒಪ್ಪದೆ ಕೂತವರು ಅಣ್ಣಾರ. ಸಂಜೆ ಗಲ್ಲಾದ ಹಿಂದೆ ಮುಖ ಊದಿಸಿಕೊಂಡಿದ್ದರು. "ಒಂದೂವರೆ ಪುಟ ಕಲಿತದ್ದು ಎಂತಕ್ಕೆ ಮಾಷ್ಟ್ರೇ? ಮಾತಿಲ್ಲದೆ ತಿನ್ನುವ ಪಾರ್ಟಿಗೆ ನಾನೇ ಯಾಕೆ? ಒಂದು ಬೊಂಬೆ ಕೂರಿಸಿ."

"ಅಣ್ಣಾರ, ಈ ಹೋಟೆಲಿನೊಳಗ ಎಲ್ಲಾರೂ ಒದರತಾರ. ಆರ್ಡರ್ ಒದರವರು, ಟೇಬಲ್ ಒರೆಸವರು, ಗಿರಾಕಿ. ಆದ್ರ ಎಲ್ಲಾರೂ ನೋಡೂದು ಯಾರನ್ನ? ಗಲ್ಲಾದಾಗ ಸುಮ್ಮನ ಕೂತವರನ್ನ."

ಅವರು ಕೌಂಟರಿನ ಸೋಂಪು ಬಾಯಿಗೆ ಹಾಕಿಕೊಂಡು ಹೋಟೆಲನ್ನೊಮ್ಮೆ ದಿಟ್ಟಿಸಿದರು. ಆ ಹೊತ್ತಿಗೇ ಪುಣ್ಯಕ್ಕೆ ಒಬ್ಬ ವೇಟರು ಇವರ ಕಡೆ ತಿರುಗಿ ನೋಡಿದ. "ಒಂದು ಮಾತಾದರೂ ಬೇಕು," ಅಂದರು ಅಣ್ಣಾರ. "ಒಂದು ಮಾತು ನಿಮ್ಮದು. ಏನು ಅನ್ನೂದನ್ನ ನೀವೇ ಆರಿಸ್ರಿ," ಅಂದೆ. ವ್ಯಾಪಾರ ಕುದುರಿತು.

ನಾಲ್ಕು ದಿನದಲ್ಲಿ ಮೂರನೇ ಅಂಕ ಹೊಸದಾಗಿ ಬರೆದೆ. ಅದರಿಂದ ಇನ್ನೊಂದು ಲಾಭವಾಯಿತು. ಮಗಳ ಪಾರ್ಟಿನ ಹುಡುಗಿ ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಅರ್ಥವಾದರೂ ಉತ್ತರ ಹಿಂದಿಯಲ್ಲೇ ಬರುತ್ತದೆ. ಹೆಣದ ಮುಂದೆ ಅಚ್ಚ ಕನ್ನಡದಲ್ಲಿ ಅಳಿಸಲು ಹೋಗಿ ನಾನೂ ಅವಳೂ ಸುಸ್ತಾಗಿದ್ದೆವು. ಈಗ ಬಾಯಿಗೆ ಬಂದದ್ದೆಲ್ಲ ಬೆರೆಸಿ ಜಗಳಾಡು ಅಂದೆ. ಅವಳು ಎಂಥ ಜಗಳ ಮಾಡಿದಳೆಂದರೆ ಮಗನ ಪಾರ್ಟಿನವನು ತನ್ನ ಮಾತೇ ಮರೆತ.

ಹೊಸ ಮನೆಯ ನಕ್ಷೆಯನ್ನು ಮಕ್ಕಳು ನೆಲದ ಮೇಲೆ ಸೀಮೆಸುಣ್ಣದಿಂದ ಎಳೆಯುವ ದೃಶ್ಯ ಸೇರಿಸಿದ್ದೆ. ತಾಲೀಮಿನಲ್ಲಿ ಇಬ್ಬರೂ ಗೆರೆ ಎಳೆಯುತ್ತ ಎಳೆಯುತ್ತ ಅಣ್ಣಾರ ಕುರ್ಚಿಯ ತನಕ ಬಂದರು. ಅವರು ಚಮಚ ಕೆಳಗಿಟ್ಟರು. ಗೆರೆ ನೋಡಿದರು. ಮಗನ ಮುಖ, ಆಮೇಲೆ ಮಗಳ ಮುಖ ನೋಡಿದರು.

"ನಾನೀಗ ಕೂತದ್ದು ಯಾರ ಭಾಗದಲ್ಲಿ?"

ಮಗಳ ಪಾರ್ಟಿನ ಹುಡುಗಿ ಸೀಮೆಸುಣ್ಣ ಕೆಳಗಿಟ್ಟಳು. "ಇದು ಸಾಕಾ ಮಾಷ್ಟ್ರೇ?" ಎಂದು ಅವರೇ ಕೇಳಿದರು. ಸಾಕು ಅಂದೆ. ಇನ್ನೊಂದು ಮಾತೂ ಬೇಕು ಎಂದುಬಿಟ್ಟರೆ ಎಂಬ ಹೆದರಿಕೆಯಿಂದ ಚಹಾ ತರಿಸಿದೆ.

ನಾಟಕದ ಸಂಜೆ ಅಕ್ಕ ಮೊದಲ ಸಾಲಿನಲ್ಲಿ, ಪಕ್ಕದಲ್ಲಿ ಮಕ್ಕಳು. ಆ ಮಾತು ಬಂದಾಗ ಜನ ಮೊದಲು ನಕ್ಕರು, ಆಮೇಲೆ ಆ ನಗು ಅಲ್ಲಲ್ಲೇ ನಿಂತಿತು. ಅಣ್ಣಾರ ಅಷ್ಟಕ್ಕೆ ಬಿಡಲಿಲ್ಲ. ತಾಲೀಮಿನಲ್ಲಿ ಇಲ್ಲದ್ದನ್ನು ಮಾಡಿದರು: ತಟ್ಟೆ ಕೈಯಲ್ಲಿ ಹಿಡಿದು ಕುರ್ಚಿಯನ್ನು ಮಗನ ಕಡೆ ಒಂಚೂರು ಸರಿಸಿದರು, ಅವನ ಮುಖ ನೋಡಿ ಮಗಳ ಕಡೆ ಸರಿಸಿದರು, ಕೊನೆಗೆ ಗೆರೆಯ ಮೇಲೇ ಇಟ್ಟು ಕೂತು ಉಳಿದ ಉಪ್ಪಿಟ್ಟು ತಿಂದರು. ಪರದೆ ಬಿದ್ದ ಮೇಲೂ ಚಪ್ಪಾಳೆ ನಿಲ್ಲಲಿಲ್ಲ. ಈ ಸಲ ಶಾಲು ಹೊದೆಸಲು ಬಂದವರಿಗೆ ಅಣ್ಣಾರ, "ನಾನು ಮೇಕಪ್ಪಿನಲ್ಲಿದ್ದೇನೆ, ಆಮೇಲೆ," ಎಂದು ಗತ್ತಿನಿಂದ ಹೇಳಿದರು.

ಗ್ರೀನ್‌ರೂಮಿಗೆ ಬಂದ ಮಗಳು, "ಪಪ್ಪಾ, ಮಸ್ತ್ ಥಾ," ಎಂದು ಅವರ ತೋಳು ಹಿಡಿದಳು. ಅಕ್ಕ ಮಾತ್ರ, "ಅಷ್ಟು ನಿಧಾನ ತಿಂದ್ರೆ ನಮ್ಮ ಹೋಟೆಲಿನಲ್ಲಿ ಯಾರೂ ಟೇಬಲ್ ಕೊಡ್ಲಿಕ್ಕಿಲ್ಲ," ಅಂದರು. ಕಣ್ಣು ಒರೆಸಿಕೊಂಡದ್ದು ನಗುವಿಗೋ ಏನಕ್ಕೋ, ನಾನು ಕೇಳಲಿಲ್ಲ. ಅಣ್ಣಾರ ನನ್ನ ಕಿವಿಯ ಹತ್ತಿರ ಬಂದು, "ಮಾಷ್ಟ್ರೇ, ಆ ಒಂದೂವರೆ ಪುಟ ಎಸೀಬೇಡಿ. ಹೋಮ ಒಂದು ಮುಗೀಲಿ, ಮುಂದಿನ ವರ್ಷ ಧೈರ್ಯವಾಗಿ ಸಾಯ್ತೇನೆ," ಅಂದರು.

ನೀವೂ ಊರು ಬಿಟ್ಟು ಬಂದವರ ಯಾವುದಾದರೂ ಸಂಘಕ್ಕೆ ನಾಟಕ ಮಾಡಿಸುವವರಾದರೆ, ನನ್ನ ಮಾತು ಕೇಳಿ. ತಾಲೀಮಿಗೆ ಹೋಟೆಲಿನ ಮಹಡಿಗಿಂತ ಒಳ್ಳೆಯ ಜಾಗ ಇಲ್ಲ, ಆದರೆ ಊಟಕ್ಕೂ ಸಂಜೆಯ ತಿಂಡಿಗೂ ನಡುವೆ ಮಾತ್ರ ಹೋಗಿ, ಮುಗಿದ ಮೇಲೆ ಟೇಬಲ್ಲುಗಳನ್ನು ಇದ್ದ ಜಾಗಕ್ಕೇ ಇಟ್ಟು ಬನ್ನಿ. ನಟನಿಂದ ಮಾತು ಕಿತ್ತುಕೊಳ್ಳುವುದಾದರೆ ಕೈಗೆ ಒಂದು ಕೆಲಸ ಕೊಡಿ, ಬರಿಗೈಯವನು ನಾಳೆ ಬರುವುದಿಲ್ಲ. ಯಾರದಾದರೂ ನಂಬಿಕೆ ಅಡ್ಡ ಬಂದರೆ, ಇದು ಬರೀ ನಾಟಕ ಎಂದು ವಾದಕ್ಕೆ ನಿಲ್ಲಬೇಡಿ. ಹಾಗಾದರೆ ಏನು ಮಾಡೋಣ ಎಂದು ಅವರನ್ನೇ ಕೇಳಿ, ಕೇಳಿ ಸುಮ್ಮನಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಪಾರ್ಟು ಹಂಚುವ ಮೊದಲು ನಟನ ಮನೆಗೆ ಹೋಗಿ ಇಡೀ ನಾಟಕವನ್ನು ಮನೆಯವರ ಮುಂದೆ ಗಟ್ಟಿಯಾಗಿ ಓದಿ. ಆ ತಿಂಗಳು ಅವರಲ್ಲಿ ಮದುವೆಯೋ, ಪರೀಕ್ಷೆಯೋ, ಗೃಹಪ್ರವೇಶವೋ ಎಂದು ಕೇಳಿಕೊಳ್ಳಿ. ಓದಿ ಮುಗಿದ ತಕ್ಷಣ ಎದ್ದು ಬರಬೇಡಿ. ಬೇಡ ಅನ್ನುವವರು ಬಾಯಿ ಬಿಡುವುದು ಚಹಾ ಕೊಟ್ಟ ಮೇಲೆಯೇ.